ಜಮಾಲಬಿ ಮನೆಯ ಹಿತ್ತಲ ಬಾಗಿಲು

ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಕಲಘಟಗಿಗೆ ಬರಲು ಬಸ್ಸು ಸಿಗುತ್ತದೆ. ಸಂಜೆ ಊರಿಗೆ ಹೋಗುವ ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಮಗಳನ್ನು ಕಾಲೇಜಿಗೆ ಹಾಕಬೇಕು ಎಂದ ಕೂಡಲೇ ತಂದೆ-ತಾಯಿಗೆ ಹತ್ತುವ ಚಿಂತೆ ಒಂದೇ: "ಹುಡುಗೀನ ಎಲ್ಲಿ ಇಡೂಣು?"

ದೇವಿಕೊಪ್ಪದವರು ಕೇಳಲಿ, ದುಮ್ಮವಾಡದವರು ಕೇಳಲಿ, ಅವರಿಗೆ ಸಿಗುತ್ತಿದ್ದ ಉತ್ತರವೂ ಒಂದೇ ಆಗಿತ್ತು. "ಜಮಾಲಬಿ ಮನ್ಯಾಗ ಇಡ್ರಿ. ಹಡದ ಮಕ್ಕಳಂಗ ನೋಡ್ಕೋತಾಳ."

ಅದು ಸುಳ್ಳಾಗಿರಲಿಲ್ಲ. ಜಮಾಲಬಿಯ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಐದು ಕೋಣೆಗಳಲ್ಲಿ ನಾಲ್ಕು ಖಾಲಿ ಬಿದ್ದಿದ್ದವು. ಮೊದಲು ಇಬ್ಬರು ಹುಡುಗಿಯರು ಬಂದರು. ಆಮೇಲೆ ನಾಲ್ವರಾದರು. ಈಗ ಹನ್ನೊಂದು ಮಂದಿ. ಮಾಂಸ ತಿನ್ನದ ಹುಡುಗಿಯರಿಗೆ ಬೇರೆ ಒಲೆ, ಬೇರೆ ಪಾತ್ರೆ. ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕಕ್ಕೆ ತಾನೇ ಎದ್ದು ಎಲ್ಲರನ್ನೂ ಎಬ್ಬಿಸಿ ಚಹಾ ಕೊಡುತ್ತಿದ್ದಳು. ಹುಡುಗಿಯರು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು.

ಹೆಣ್ಣುಮಕ್ಕಳ ಮನೆ ಎಂದು ಜಮಾಲಬಿ ಎಲ್ಲ ಕಿಟಕಿಗಳಿಗೂ ಕಬ್ಬಿಣದ ಗ್ರಿಲ್ ಹಾಕಿಸಿದ್ದಳು. ಹಿಂದೊಮ್ಮೆ ಹಿತ್ತಲ ಕಡೆಯಿಂದ ಯಾರೋ ಒಳಗೆ ಇಣುಕಿದರೆಂದು ಆ ಬಾಗಿಲಿಗೆ ಮೊಳೆ ಹೊಡೆಸಿ, ಒಳಗಿನಿಂದ ಕಬ್ಬಿಣದ ಕಪಾಟು ಅಡ್ಡ ನಿಲ್ಲಿಸಿದ್ದಳು. ಉಳಿದದ್ದು ಮುಂದಿನ ಬಾಗಿಲು ಒಂದೇ. ಅವಳು ಹೊರಗೆ ಹೋಗುವಾಗ ಅದಕ್ಕೂ ಕೀಲಿ. ಇಷ್ಟಾದ ಮೇಲೆ ತನ್ನ ಮಕ್ಕಳಿಗೆ ಯಾವ ಭಯವೂ ಇಲ್ಲ ಎಂದು ಅವಳ ಲೆಕ್ಕ.

ಬಾಜು ಮನೆಯ ಹೊಳೆಪ್ಪನವರ ಮಗಳು ನಂದಾ, ಪಟ್ಟಣ ಪಂಚಾಯ್ತಿಯಲ್ಲಿ ಆರೋಗ್ಯ ನಿರೀಕ್ಷಕಿ. ಅಕ್ಟೋಬರ್‌ನ ಒಂದು ಮುಂಜಾನೆ ಕೈಯಲ್ಲಿ ಅರ್ಜಿಯ ಫಾರ್ಮು ಹಿಡಿದು ಜಮಾಲಬಿಯ ಪಡಸಾಲೆಗೆ ಬಂದಳು.

"ಖಾಲಾ, ಇವತ್ತ ನಾ ಆಫೀಸಿನ ಕೆಲಸದ ಮ್ಯಾಲ ಬಂದೀನಿ."

"ನಿನ್ನ ಲಂಗಾ ಹೊಲದಾಕಿ ನಾನು. ನನ್ನ ಮುಂದ ಎಂಥಾ ಆಫೀಸ ಬೇ? ಕುಂದ್ರ, ಚಹಾ ಕುಡಿ."

"ಕುಡೀತೀನಿ. ಮೊದಲ ಇದನ್ನ ಕೇಳು. ಹಿಂಗ ಹತ್ತು ಮಂದಿನ ಬಾಡಿಗಿಗೆ ಇಟ್ಕೊಂಡಾವ್ರು ಪಂಚಾಯ್ತಿ ಪರವಾನಿಗಿ ತಗೋಬೇಕು."

ಜಮಾಲಬಿಯ ಮುಖ ಸಣ್ಣದಾಯಿತು. "ಇದೇನ ಲಾಡ್ಜ್ ಏನ? ಇದು ಮನಿ. ಮನಿಗೆ ಯಾರರ ಲೈಸನ್ಸ್ ತಗೋತಾರ?"

"ನಿನ್ನ ಮಕ್ಕಳಷ್ಟ ಇದ್ರ ಮನಿ. ಮಂದಿ ಮಕ್ಕಳನ್ನ ಬಾಡಿಗಿ ತಗೊಂಡು ಇಟ್ಕೊಂಡ್ರ ಅವರ ಜೀವದ ಹೊಣಿ ನಿನ್ನ ಮ್ಯಾಲ ಬರ್ತೈತಿ. ಅರ್ಜಿ ಕೊಟ್ರ ನಾವ ಬಂದು ನೋಡ್ತೀವಿ. ಒಂದ ಕೋಣ್ಯಾಗ ಎಷ್ಟ ಮಂದಿ, ಪಾಯಖಾನಿ ಎಷ್ಟ, ಕುಡಿಯೂ ನೀರ ಹೆಂಗೈತಿ, ವಾಯರ್ ಸರಿ ಅದಾವೋ ಇಲ್ಲೋ. ಬೆಂಕಿ ಹತ್ತಿದ್ರ ಹೊರಗ ಓಡಾಕ ದಾರಿ ಎಷ್ಟ." ನಂದಾ ಹಿಂದಕ್ಕೆ ತಿರುಗಿ ಕಪಾಟಿನ ಕಡೆ ನೋಡಿದಳು. "ಖಾಲಾ, ಆ ಹಿತ್ತಲ ಬಾಗಲಾ ಮೊದಲ ತಗಸು."

"ಅಂದ್ರ ನಾ ಹುಡಿಗೇರನ್ನ ಕೂಡಿ ಹಾಕೀನಿ ಅಂತೀ?" ಜಮಾಲಬಿ ಎದ್ದು ನಿಂತಳು. "ಅವರ ಸಲುವಾಗಿನ ಮೊಳಿ ಹೊಡಿಸೀನಿ ನಂದಾ. ನಾಳೆ ಯಾವನರ ಒಳಗ ಬಂದ್ರ ನೀ ಬರ್ತೀ ಏನ?"

"ಒಳಗಿಂದ ಚಿಲಕಾ ಹಾಕಿಸು. ಒಳಗಿದ್ದಾವ್ರಿಗೆ ತಗಿಯಾಕ ಬರಬೇಕು, ಹೊರಗಿದ್ದಾವ್ರಿಗೆ ಬರಬಾರದು. ಅಷ್ಟ."

ಆ ಹೊತ್ತಿಗೆ ಸರಿಯಾಗಿ ಜಮಾಲಬಿಯ ತಮ್ಮ ಮುಜಫರ್ ಬಂದ. ಅವನದು ಶಾಮಿಯಾನಾ ಮತ್ತು ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವ ಧಂದೆ. ರಾಜ್ಯೋತ್ಸವಕ್ಕೆ ಓಣಿಯ ಬಾಯಿಗಿರುವ ಬಯಲಿನಲ್ಲಿ ರಸಮಂಜರಿ ಇಡಬೇಕೆಂದು ಓಡಾಡುತ್ತಿದ್ದ. ಮಾತು ಕೇಳಿ ನಕ್ಕುಬಿಟ್ಟ.

"ಆಪಾ, ಕಾಗದಾ ಕೊಟ್ರ ಇವರು ನೂರಾ ಎಂಟ ಕೇಳ್ತಾರ. ನಾ ಎಷ್ಟ ಕಾರ್ಯಕ್ರಮಾ ಮಾಡೀನಿ, ಒಮ್ಮೆರ ಅರ್ಜಿ ಕೊಟ್ಟೀನೇನು?"

"ಅದೂ ತಪ್ಪ ಮುಜಫರಣ್ಣಾ," ಎಂದಳು ನಂದಾ. "ಬಯಲಿಗೆ ಪಂಚಾಯ್ತಿ ಒಪ್ಪಗಿ ಬೇಕು, ಮೈಕಿಗೆ ಪೊಲೀಸರದು ಬೇಕು. ದಾರಿ ಬಿಟ್ಟು ಸ್ಟೇಜ್ ಹಾಕ್ರಿ ಅಂತ ಹೇಳೂದು ನಿಮ್ಮ ಖುಷಿ ಕೆಡಸಾಕಲ್ಲ."

"ನೋಡೂಣು, ನೋಡೂಣು," ಎಂದ ಮುಜಫರ್. ಜಮಾಲಬಿ ಫಾರ್ಮನ್ನು ಮಡಚಿ ದಿಂಬಿನ ಕೆಳಗಿಟ್ಟಳು. ನಂದಾ ಚಹಾ ಕುಡಿದು ಹೋದಳು.

ಹದಿನೈದು ದಿನ ಕಳೆದವು. ರಸಮಂಜರಿಯ ದಿನ ಬಂತು. ಬಯಲು ಸಾಲದೆ ಮುಜಫರ್ ಸ್ಟೇಜನ್ನು ಓಣಿಯ ದಾರಿಗೆ ಅಡ್ಡಲಾಗಿ ಕಟ್ಟಿಸಿದ್ದ. ಎರಡೂ ಕಡೆ ಆಳೆತ್ತರದ ಸೌಂಡ್ ಬಾಕ್ಸು. ಸಂಜೆ ಐದಕ್ಕೆ ಹಾಡು ಶುರುವಾದಾಗ ಮನೆಗಳ ಪಾತ್ರೆಗಳೆಲ್ಲ ಗಡಗಡ ಅಲುಗಿದವು.

ಹತ್ತು ಹುಡುಗಿಯರು ಒಳ್ಳೆಯ ಬಟ್ಟೆ ಹಾಕಿಕೊಂಡು ಓಡಿದರು. ದೇವಿಕೊಪ್ಪದ ನೀಲಾಂಬಿಕಾ ಮಾತ್ರ ಜ್ವರದಿಂದ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಜಮಾಲಬಿ ಅವಳ ಹಣೆ ಮುಟ್ಟಿ ನೋಡಿದಳು.

"ನೀಲವ್ವಾ, ಮುಜಫರ್ ಕರಿಯಾಕತ್ತಾನ. ಒಂದ್ಹತ್ತು ನಿಮಿಷ ಮಾರಿ ತೋರಿಸಿ ಬರ್ತೀನಿ. ಅಂಜಬ್ಯಾಡ, ಬಾಗಲಾ ಕೀಲಿ ಹಾಕಿರ್ತೀನಿ."

"ಹೋಗಿ ಬರ್ರಿ ಖಾಲಾ," ಎಂದಳು ಹುಡುಗಿ.

ಸ್ವಲ್ಪ ಹೊತ್ತಿಗೆ ನೀಲಾಳಿಗೆ ಚಳಿ ಹತ್ತಿತು. ಬಿಸಿನೀರಿಗೆಂದು ಕೋಣೆಗಳ ನಡುಹಾದಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದರಲ್ಲಿ ನೀರು ಕಾಯಿಸುವ ಕಾಯಿಲ್ ಇಳಿಬಿಟ್ಟು, ಬಂದು ಹೊದ್ದು ಮಲಗಿದಳು. ಜ್ವರದ ಗುಂಗಿನಲ್ಲಿ ಕಣ್ಣು ಹತ್ತಿತು. ನೀರೆಲ್ಲ ಕುದ್ದು ಬತ್ತಿತು, ಬಕೆಟ್ ಕರಗಿತು. ಅದರ ಮೇಲೆಯೇ ಹಗ್ಗದಲ್ಲಿ ನೇತಾಡುತ್ತಿದ್ದ ಹನ್ನೊಂದು ಮಂದಿಯ ಬಟ್ಟೆಗಳಿಗೆ ಬೆಂಕಿ ಹತ್ತಿತು.

ಕೆಮ್ಮು ಬಂದು ಅವಳಿಗೆ ಎಚ್ಚರವಾದಾಗ ನಡುಹಾದಿ ಹೊಗೆಯಿಂದ ತುಂಬಿತ್ತು. ಮುಂದಿನ ಬಾಗಿಲು ಬೆಂಕಿಯ ಆಚೆಗಿತ್ತು. ಹಿತ್ತಲ ಬಾಗಿಲು ಅವಳ ಕೋಣೆಯಿಂದ ಮೂರೇ ಹೆಜ್ಜೆ. ಕಪಾಟನ್ನು ದೂಡಿದಳು. ಅದು ಮಿಸುಕಲಿಲ್ಲ. ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು ಕಿಟಕಿಯ ಗ್ರಿಲ್ ಹಿಡಿದು ಕೂಗಿದಳು. ಖಾಲಾಗೆ ಫೋನು ಹಚ್ಚಿದಳು. ಮತ್ತೆ ಹಚ್ಚಿದಳು. ಒಟ್ಟು ಎಂಟು ಸಲ.

ಜಮಾಲಬಿಯ ಫೋನು ಅವಳ ಮಡಿಲಲ್ಲೇ ಇತ್ತು. ಹಾಡಿನ ಅಬ್ಬರದಲ್ಲಿ ಅದು ಬಡಿದುಕೊಂಡದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹೊಳೆಪ್ಪನವರು ಸದ್ದು ತಾಳದೆ ಕಿವಿಗೆ ಹತ್ತಿ ಇಟ್ಟುಕೊಂಡು ಹಿತ್ತಲಲ್ಲಿ ಕೂತಿದ್ದರು. ಅವರಿಗೆ ಕೂಗು ಕೇಳಲಿಲ್ಲ, ಹೊಗೆ ಕಾಣಿಸಿತು. ಮನೆಯೊಳಗಿದ್ದ ನಂದಾಳನ್ನು ಕರೆದು, "ಓಡ ನಂದಾ, ಮಂದಿನ್ನ ಕರಕೊಂಡ ಬಾ!" ಎಂದವರೇ ಹಾರೆ ಹುಡುಕತೊಡಗಿದರು.

ನಂದಾ ಬೆಂಕಿ ಆರಿಸುವವರಿಗೆ ಫೋನು ಮಾಡುತ್ತಲೇ ಬಯಲಿಗೆ ಓಡಿದಳು. ಎಷ್ಟು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ. ಸ್ಟೇಜ್ ಹತ್ತಿದಳು, ಸೌಂಡ್ ಬಾಕ್ಸಿನ ವಾಯರು ಕಿತ್ತು ಎಸೆದಳು.

ಬಯಲು ಒಮ್ಮೆಲೇ ತಣ್ಣಗಾಯಿತು. ಆ ಮೌನದಲ್ಲಿ, ಓಣಿಯೊಳಗಿನಿಂದ, ತೆಳ್ಳಗೆ ಒಂದು ದನಿ ಎಲ್ಲರಿಗೂ ಕೇಳಿಸಿತು.

"ಖಾಲಾ... ಖಾಲಾ..."

ಜಮಾಲಬಿ ಹೇಗೆ ಓಡಿದಳೋ ಅವಳಿಗೇ ನೆನಪಿಲ್ಲ. ಮುಂದಿನ ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ಬಡಿಯಿತು. ಒಳಗೆ ನುಗ್ಗಲು ಹೋದವಳನ್ನು ಹುಡುಗಿಯರು ತಡೆದು ಹಿಡಿದರು. ಹಿತ್ತಲಲ್ಲಿ ಹೊಳೆಪ್ಪನವರು ಹಾರೆಯಿಂದ ಮೊಳೆ ಕಿತ್ತಿದ್ದರು. ಆರು ಮಂದಿ ಗಂಡಸರು ಹೆಗಲು ಕೊಟ್ಟು ದೂಡಿದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕಪಾಟು ಒಳಗೆ ಧಡಾರನೆ ಬಿತ್ತು. ಅವರಲ್ಲೊಬ್ಬರು ಒದ್ದೆ ಗೋಣಿಚೀಲ ಹೊದ್ದು ಒಳಹೊಕ್ಕು ನೀಲಾಳನ್ನು ಹೊತ್ತು ತಂದರು. ಅವಳ ಎಡಗೈ ಸುಟ್ಟಿತ್ತು. ಉಸಿರಿತ್ತು.

ಬೆಂಕಿ ಆರಿಸುವ ಗಾಡಿ ಬಂತು, ಸ್ಟೇಜಿನ ಆಚೆಗೇ ನಿಂತಿತು. ಅದರ ಬೆನ್ನಿಗೆ ಆಂಬುಲೆನ್ಸು. ಎರಡಕ್ಕೂ ದಾರಿಯಿಲ್ಲ. ಮುಜಫರ್ ಕುಡುಗೋಲು ಹಿಡಿದು ತನ್ನ ಶಾಮಿಯಾನಾದ ಹಗ್ಗಗಳನ್ನು ತಾನೇ ಕೊಯ್ದು ಹಾಕಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಆಸ್ಪತ್ರೆಗೆ ದೇವಿಕೊಪ್ಪದಿಂದ ನೀಲಾಳ ತಾಯಿ ರೇವವ್ವ ಬಂದಳು. ಜಮಾಲಬಿ ಎದ್ದು ನಿಂತಳು. ಬೈಸಿಕೊಳ್ಳಲು ಸಿದ್ಧವಾಗಿದ್ದಳು, ಹೊಡೆಸಿಕೊಳ್ಳಲೂ ಸಿದ್ಧವಾಗಿದ್ದಳು.

"ರೇವವ್ವಾ, ಹೊರಗಿಂದ ಕೀಲಿ ಹಾಕಿದಾಕಿ ನಾನ. ಹಿತ್ತಲ ಬಾಗಲಾ ಮುಚ್ಚಿಸಿದಾಕೀನೂ ನಾನ. ನಂದಾ ಹೇಳಿದ್ಲು, ನಾ ಕೇಳಲಿಲ್ಲ."

ರೇವವ್ವ ಮಗಳ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಅಂದಳು: "ಬಿಡಾಕ ಬಂದಾಗ ನಾನೂ ಅದನ್ನ ಹೇಳಿದ್ನಲ್ಲಾ ಜಮಾಲಬಿ. ಭದ್ರ ಕೀಲಿ ಹಾಕವ್ವಾ ಅಂತ. ಇಬ್ಬರೂ ಕಳ್ಳರಿಗೆ ಅಂಜಿದ್ವಿ. ಬೆಂಕಿ ನೆನಪ ಆಗಲಿಲ್ಲ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು.

ಮರುದಿನ ಜಮಾಲಬಿ ನಂದಾಳ ಮುಂದೆ ಹೋಗಿ ಕುಳಿತಳು. "ಸಾಕಾತು ಯವ್ವಾ. ಮನಿ ಬಂದ್ ಮಾಡ್ತೀನಿ. ಇನ್ನೊಬ್ಬರ ಮಕ್ಕಳ ಉಸಾಬರಿ ನನಗ ಬ್ಯಾಡ."

"ಬಂದ್ ಮಾಡಿದ್ರ ಹನ್ನೊಂದು ಹುಡಿಗೇರು ಎಲ್ಲಿ ಹೋಗ್ಬೇಕು?" ಎಂದು ಕೇಳಿದಳು ನಂದಾ. "ಅರ್ಧಾ ಮಂದಿ ಓದು ಬಿಟ್ಟು ಮನಿಗೆ ಹೋಗ್ತಾರ. ಊರಿಗೆ ನಿನ್ನಂಥಾಕಿ ಬೇಕು ಖಾಲಾ. ಮನಿ ಒಂದೀಟ ಸುಧಾರಿಸಬೇಕು, ಅಷ್ಟ. ಆ ಫಾರ್ಮ್ ಐತೋ ಇಲ್ಲೋ?"

ಅದು ಹೊಗೆಯಲ್ಲಿ ಕರ್ರಗಾಗಿತ್ತು. ನಂದಾ ಬೇರೆ ಕೊಟ್ಟಳು. ಇಬ್ಬರೂ ಕೂತು ತುಂಬಿದರು. ಮನೆಯ ಕಾಗದ, ಗುರುತಿನ ಚೀಟಿ, ಮನೆಯ ನಕಾಶೆ, ಇರುವವರ ಹೆಸರು ಮತ್ತು ಊರು. ಜಮಾಲಬಿ ಎಣಿಸಿದಷ್ಟು ಕಷ್ಟವಿರಲಿಲ್ಲ. ಪಂಚಾಯ್ತಿಯವರು ಬಂದು ನೋಡಿ, ಏನೇನು ಮಾಡಬೇಕೆಂದು ಬರೆದುಕೊಟ್ಟರು. ಹಳೆಯ ವಾಯರು ಬದಲಾಯಿತು. ಹಿತ್ತಲ ಬಾಗಿಲಿಗೆ ಒಳಗಿನಿಂದ ತೆಗೆಯುವ ಗಟ್ಟಿ ಚಿಲಕ ಬಂತು. ಒಂದು ಕಿಟಕಿಯ ಗ್ರಿಲ್ಲನ್ನು ಒಳಗಿನಿಂದ ತೆರೆಯುವಂತೆ ಮಾಡಿಸಿದರು. ಬೆಂಕಿ ಆರಿಸುವ ಸಿಲಿಂಡರು ಗೋಡೆಗೆ ಬಂತು, ಅದನ್ನು ಹಿಡಿಯುವುದು ಹೇಗೆಂದು ಹುಡುಗಿಯರೆಲ್ಲ ಕಲಿತರು.

ಒಂದು ಮಾತು ಮಾತ್ರ ಜಮಾಲಬಿಗೆ ನುಂಗಲು ಕಷ್ಟವಾಯಿತು. ಆ ಮನೆಯಲ್ಲಿ ಏಳು ಮಂದಿಗಷ್ಟೇ ಜಾಗ ಎಂದರು. ನಾಲ್ವರು ಎಲ್ಲಿಗೆ ಹೋಗಬೇಕು? ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಹೊಳೆಪ್ಪನವರೇ ತಮ್ಮ ಅಟ್ಟದ ಮೇಲಿನ ಎರಡು ಕೋಣೆ ತೆರೆದುಕೊಟ್ಟರು. ಅವರೂ ಮೊದಲು ಅರ್ಜಿ ಹಾಕಿದರು. ಊಟ ಮಾತ್ರ ಎಲ್ಲರಿಗೂ ಜಮಾಲಬಿಯದೇ.

ಮುಜಫರ್ ಯುಗಾದಿಗೆ ಮತ್ತೆ ರಸಮಂಜರಿ ಇಟ್ಟ. ಈ ಸಲ ಒಂದು ತಿಂಗಳು ಮೊದಲೇ ಪಂಚಾಯ್ತಿಗೂ ಠಾಣೆಗೂ ಅರ್ಜಿ ಕೊಟ್ಟಿದ್ದ. ಸ್ಟೇಜು ಬಯಲಿನ ಆ ತುದಿಗೆ, ಗಾಡಿ ಹೋಗುವಷ್ಟು ದಾರಿ ಖುಲ್ಲಾ. ಸದ್ದು ಹದವಾಗಿತ್ತು, ಹತ್ತು ಗಂಟೆಯೊಳಗೆ ಮುಗಿಯಿತು. ಹೊಳೆಪ್ಪನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಗೆಳೆಯರು ಛೇಡಿಸಿದಾಗ ಮುಜಫರ್ ಹೇಳಿದ: "ಆವತ್ತ ನನ್ನ ಹಾಡಿನ ಒಳಗ ಒಂದ ಹುಡುಗಿ ಕೂಗಾಕತ್ತಿದ್ಲು. ನನಗ ಕೇಳಸಲಿಲ್ಲ. ಹಂಗ ಮತ್ತೊಮ್ಮೆ ಆಗೂದು ಬ್ಯಾಡ."

ನೀಲಾ ಆಸ್ಪತ್ರೆಯಿಂದ ಊರಿಗೆ ಹೋದವಳು ಒಂದೂವರೆ ತಿಂಗಳಿಗೆ ಮರಳಿ ಬಂದಳು. ರೇವವ್ವನೇ ಕರೆತಂದು ಬಿಟ್ಟಳು. ಪರೀಕ್ಷೆ ಬರೆದು ಪಾಸಾದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಾಡಿಗೆಗೆ ಹತ್ತಾರು ಮಂದಿ ಕೂಡಿ ಇರಬಹುದು. ಕಾಲೇಜಿನ ಮಕ್ಕಳಿರಬಹುದು, ದುಡಿಯಲು ಬಂದ ಕೂಲಿಯವರಿರಬಹುದು. ಅವರು ಯಾರದೋ ಮನೆಯ ಮಕ್ಕಳು. ಪರವಾನಿಗೆ ಎಂದರೆ ಪೀಡೆ ಎಂದು ತಿಳಿಯಬೇಡಿ. ನಿಮ್ಮ ಕಣ್ಣಿಗೆ ಬೀಳದ್ದನ್ನು ಇನ್ನೊಬ್ಬರ ಕಣ್ಣು ನೋಡಿ ಹೇಳುತ್ತದೆ. ನಿಮ್ಮೂರಿನ ಪುರಸಭೆ, ಪಟ್ಟಣ ಪಂಚಾಯ್ತಿ, ಇಲ್ಲವೇ ಗ್ರಾಮ ಪಂಚಾಯ್ತಿಗೆ ಹೋಗಿ, ಏನು ನಿಯಮ, ಯಾವ ಕಾಗದ ಎಂದು ಕೇಳಿ. ಬಯಲಲ್ಲಿ ಹಾಡು-ಕುಣಿತ ಇಡುವವರೂ ಮೊದಲು ಒಪ್ಪಿಗೆ ಪಡೆಯಿರಿ, ದಾರಿ ಬಿಡಿ, ಸದ್ದು ತಗ್ಗಿಸಿ. ಮಕ್ಕಳನ್ನು ಬಾಡಿಗೆ ಮನೆಯಲ್ಲಿ ಬಿಡುವ ತಂದೆ-ತಾಯಿಯರೇ, "ಕೀಲಿ ಹಾಕ್ತೀರಾ?" ಎಂದು ಕೇಳುವ ಮೊದಲು "ಪರವಾನಿಗಿ ಐತಾ?" ಎಂದು ಕೇಳಿ.

ನೀಲಾಳಿಗೆ ಹೊಳೆಪ್ಪನವರಿದ್ದರು. ಎಲ್ಲ ಓಣಿಗಳಲ್ಲೂ ಅಂಥವರು ಆ ಹೊತ್ತಿಗೆ ಮನೆಯಲ್ಲಿರುತ್ತಾರೆ ಎಂದು ಹೇಳಲಾಗದು. ನಾಳೆ ಕಚೇರಿ ತೆರೆಯುವ ಹೊತ್ತಿಗೆ ನೀವು ಅಲ್ಲಿರಿ.