ಖಾಲಿ ಉಡಿ

ಆ ಶುಕ್ರವಾರ ಹೂವಿನ ಹಿಪ್ಪರಗಿಯ ನರ್ಸಬಾಯಿ ಶೇವಂತೆವ್ವ ಗೌಡರ ಪಡಸಾಲೆ ಹತ್ತಿದಳು. ತುರ್ತು ಪರಿಸ್ಥಿತಿ ಮುಗಿದು ಜನ ಆಗಷ್ಟೇ ಬಾಯಿ ಬಿಡುತ್ತಿದ್ದರು; ಸರ್ಕಾರದ ಅನ್ನ ತಿನ್ನುವವರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಆದರೆ ಕುರುಬರ ಓಣಿಯ ರಾಮವ್ವ ಹೆತ್ತ ಮೇಲೆ ರಕ್ತ ನಿಲ್ಲದೆ ಸತ್ತಾಗ, ನಿಲ್ಲಿಸುವ ಮದ್ದು ಇವಳ ಕಪಾಟಿನಲ್ಲೇ ಇತ್ತು. ಡಾಕ್ಟರರ ಹುಕುಂ ಇಲ್ಲದೆ ಚುಚ್ಚುವಂತಿಲ್ಲ, ಡಾಕ್ಟರರು ಇದ್ದದ್ದು ಬಸವನ ಬಾಗೇವಾಡಿಯಲ್ಲಿ. ಸುಡಲಿ ಅಂಥ ಕಾಯಿದೆ! ಈಗ ರಾಮವ್ವನ ತಂಗಿ ಶಂಕ್ರೆವ್ವನಿಗೆ ದಿನ ತುಂಬಿತ್ತು.

ತಾಲ್ಲೂಕು ಬೋರ್ಡಿನ ಅಧ್ಯಕ್ಷ ಬಸಂತರಾಯಗೌಡರು ನಾಲ್ಕು ಜನ ಮೆಂಬರರೊಂದಿಗೆ ಸಭೆಗೆ ಹೊರಟು ನಿಂತಿದ್ದರು.

"ಡಾಕ್ಟರ್ ಮುಂಚೇನ ಹುಕುಂ ಬರದು ಇಡಬೇಕಂತ ಇವತ್ತ ಠರಾವು ಮಾಡ್ರಿ, ಗೌಡ್ರ. ಶಂಕ್ರೆವ್ವನ ಜೀವಾ ಉಳೀತೈತಿ."

"ಠರಾವು ನಮ್ಮ ಕೆಲಸ. ನಿಂದು ಸೂಜಿ ಚುಚ್ಚೂ ಕೆಲಸ."

"ಚುಚ್ಚಾಕರ ಎಲ್ಲಿ ಬಿಟ್ಟೀರಿ?"

ಗೌಡರ ಮುಖ ಬಿಗಿಯಿತು. "ಭಾಳ ಮಾತಾಡಿದ್ರ ವರ್ಗ ಆಕ್ಕೈತಿ, ನೋಡವಾ. ಏ, ಒಳಗ ಯಾರದೀರಿ? ಮುತ್ತೈದಿ ಬಂದಾಳ, ಉಡಿ ತುಂಬಿ ಕಳಿಸ್ರಿ."

ಗೌಡತಿ ರುಕ್ಮವ್ವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬುಸದ ಕಣ ತಂದಳು. ಶೇವಂತೆವ್ವ ಸೆರಗು ಒಡ್ಡಲಿಲ್ಲ, ಮುಷ್ಟಿಯಲ್ಲಿ ಬಿಗಿಹಿಡಿದಳು.

"ಒಲ್ಲೆರಿ, ಅವ್ವಾರ. ರಾಮವ್ವ ಕೂಸಿನ ಮುಖಾ ನೋಡದ ಹೋದ್ಲು. ಗೌಡ್ರು ಹೂಂ ಅನ್ನೂತನಕಾ ನನಗ ಉಡಿ ಬ್ಯಾಡ."

ಶುಕ್ರವಾರ ಮುತ್ತೈದೆಯೊಬ್ಬಳು ಖಾಲಿ ಉಡಿಯಲ್ಲಿ ಹೊಸ್ತಿಲು ದಾಟಿದರೆ ಮನೆಯ ಲಕ್ಷ್ಮಿಯೇ ಎದ್ದು ಹೋದ ಹಾಗೆ. ಶೇವಂತೆವ್ವ ನೌಕರಿ ಹೋಯಿತೆಂದೇ ಅಂದುಕೊಂಡಳು. ಆದರೂ ಹೊಸ್ತಿಲ ಕಡೆ ತಿರುಗಿದಳು.

"ನಿಂದ್ರವಾ!" ರುಕ್ಮವ್ವ ಚೀರಿದಳು. ಮೊರ ವಾಲಿ ಅಕ್ಕಿ ಚೆಲ್ಲಿತು. ಗಂಡನ ಕಡೆ ತಿರುಗಿ, "ಒಳಗ ಸೊಸಿ ಬಸರಿ ಅದಾಳ್ರಿ. ಇಕಿ ಹಿಂಗ ಹೊಂಟ್ರ ನನ್ನ ಮನಿ ಏನಾಗಬೇಕು? ಹೂಂ ಅನ್ರಿ!" ಎಂದಳು.

ಗೌಡರು ಹಲ್ಲು ಕಡಿದು "ಹೂಂ" ಎಂದರು. ಮೆಂಬರರ ಮುಂದೆ ಆಡಿದ ಮಾತು, ನುಂಗುವಂತಿರಲಿಲ್ಲ. ಶೇವಂತೆವ್ವ ಸೆರಗೊಡ್ಡಿದಳು.

ಠರಾವು ಪಾಸಾಯಿತು, ಹುಕುಂ ಬಂತು. ಶಂಕ್ರೆವ್ವ ಹೆತ್ತಳು, ಅಕ್ಕನಂತೆಯೇ ರಕ್ತ ಹರಿಯಿತು. ಈ ಸಲ ಸೂಜಿ ಬಿತ್ತು, ಜೀವ ಉಳಿಯಿತು. ಅದರ ಬೆನ್ನಿಗೇ ಶೇವಂತೆವ್ವನಿಗೆ ಇಂಡಿ ತಾಲ್ಲೂಕಿನ ಲಚ್ಯಾಣಕ್ಕೆ ವರ್ಗವಾಯಿತು. ಗೌಡರೇನು ಮರೆಯುವ ಕುಳವೇ!

ಲಚ್ಯಾಣದ ಕಪಾಟಿನಲ್ಲೂ ಅದೇ ಮದ್ದು, ಅದೇ ಕಾಯಿದೆ. "ಬಾಗೇವಾಡಿ ಠರಾವು ಇಲ್ಲಿ ನಡಿಯಾಂಗಿಲ್ರಿ ಬಾಯಿ," ಎಂದ ಕಂಪೌಂಡರ್ ಖಾಜಾಸಾಬ.

ಶೇವಂತೆವ್ವ ಟ್ರಂಕು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಇಲ್ಲಿ ಬೋರ್ಡಿನ ಅಧ್ಯಕ್ಷರ ಮನಿ ಎಲ್ಲೈತ್ರಿ? ಶುಕ್ರವಾರ ಮನ್ಯಾಗ ಇರ್ತಾರೇನು?"