ಎಂಟನೇ ನಂಬರ್ ಸಿಲಿಂಡರ್

ರಾಸಾಯನಿಕ ಸೋರಿಕೆಗೆಂದೇ ಸರ್ಕಾರ ನಮ್ಮ ಅಗ್ನಿಶಾಮಕ ಠಾಣೆಗೆ ಒಂದು ವ್ಯಾನು ಕೊಟ್ಟಿತ್ತು. ಅದರಲ್ಲಿ ವಿಷಗಾಳಿ ಒಳಬಾರದ ಉಡುಪು ನಾಲ್ಕು, ಬೆನ್ನಿಗೆ ಹೊರುವ ಗಾಳಿ ಸಿಲಿಂಡರ್ ಎಂಟು. ಉಸ್ತುವಾರಿ ನನ್ನ ಭಾವಮೈದನದು. ಸಾಹೇಬರಿಗೆ ಅವನ ಹೆಸರು ಹೇಳಿದವನೇ ನಾನು. ಹೆಂಡತಿಯ ತಮ್ಮ, ಕಣ್ಣೆದುರು ಬೆಳೆದವನು. ಅವನನ್ನಲ್ಲದೆ ಇನ್ಯಾರನ್ನು ನಂಬಲಿ?

ವ್ಯಾನು ಹೆಚ್ಚಾಗಿ ಹೋಗುತ್ತಿದ್ದುದು ಶಾಲೆಗಳಿಗೆ, ಪ್ರದರ್ಶನಕ್ಕೆ. ಆ ಉಡುಪು ತೊಟ್ಟರೆ ನನ್ನ ಜೊತೆಗಾರ ಉದ್ದಣ್ಣ ಗೂನನಾಗುತ್ತಿದ್ದ. ಇದನ್ನು ಹೊಲಿದವನು ನಮ್ಮ ಕುಳ್ಳ ಸಾಹೇಬರ ಅಳತೆ ತೆಗೆದುಕೊಂಡಿರಬೇಕು ಎಂದು ನಗಿಸುತ್ತಿದ್ದ.

ಒಂದು ಬೆಳಿಗ್ಗೆ ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಪೈಪು ಒಡೆಯಿತು. ಮೆಷಿನ್ ನೋಡುವವನೊಬ್ಬ ಒಳಗೇ ಬಿದ್ದಿದ್ದ. ನಾನೂ ಉದ್ದಣ್ಣನೂ ಸಿದ್ಧರಾದೆವು. ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಹೆಗಲ ಮೇಲಿನ ಮೀಟರುಗಳು ಕೆಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ಸಿಲಿಂಡರ್ ಕೊಡುವವನು ನಮ್ಮ ಬೆನ್ನ ಹಿಂದೆ ನಿಂತು, ಸಿಲಿಂಡರಿನ ಮೇಲಿನ ಮುಳ್ಳು ನೋಡಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ಉಡುಪಿನ ಜಿಪ್ ಎಳೆಯಬೇಕು. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಭಾವಮೈದ ನನಗೆ ಇನ್ನೂರು ಎಂದ. ಉದ್ದಣ್ಣನಿಗೂ ಇನ್ನೂರು ಎಂದ. ಇನ್ನೂರೆಂದರೆ ಭರ್ತಿ.

ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ, ಗಾಳಿ ಮುಗಿಯುತ್ತಿದೆ ಎಂದು ಉದ್ದಣ್ಣನ ಸಿಲಿಂಡರಿನ ಸೀಟಿ ಕೂಗಿತು. ನೀನು ಹೊರಡು ಎಂದು ಕೈಮಾಡಿದೆ. ಬಿದ್ದವನ ಕಾಲು ಹಿಡಿದಿದ್ದ ಉದ್ದಣ್ಣ ಬಿಡಲಿಲ್ಲ. ಎರಡು ಮೆಟ್ಟಿಲುಸಾಲು ಹತ್ತಿಸಿದೆವು. ಕೊನೆಯ ಬಾಗಿಲಲ್ಲಿ ಉಸಿರು ಸಿಗದೆ ಅವನು ಜಿಪ್ ಎಳೆದು ಮುಖವಾಡ ಕಿತ್ತ. ಮೆಷಿನಿನವನು ಬದುಕಿದ. ಉದ್ದಣ್ಣನ ಗಂಟಲು, ಶ್ವಾಸಕೋಶ ಸುಟ್ಟವು. ದನಿ ಹೋಯಿತು.

ಭಾವಮೈದ ಗಡಿಬಿಡಿಯಲ್ಲಿ ಮುಳ್ಳು ತಪ್ಪಾಗಿ ಓದಿದ್ದಾನೆ ಎಂದುಕೊಂಡೆ. ಇಲಾಖೆಯ ವಿಚಾರಣೆಯ ಹಿಂದಿನ ದಿನ ಅವನು ಮನೆಗೆ ಬಂದು ತಾನೇ ಬಾಯಿಬಿಟ್ಟ. ಎಂಟನೇ ನಂಬರ್ ಸಿಲಿಂಡರ್ ಶಾಲೆಯ ಪ್ರದರ್ಶನದಲ್ಲೇ ಮುಕ್ಕಾಲು ಖಾಲಿಯಾಗಿತ್ತಂತೆ. ತುಂಬಿಸಲು ಅರ್ಜಿ ಹಾಕಿದರೆ, ಯಾವ ಅಪಘಾತದಲ್ಲಿ ಬಳಸಿದ್ದು ಎಂಬ ಜಾಗ ಖಾಲಿಯಿದೆ ಎಂದು ಮೇಲಿನವರು ವಾಪಸು ಕಳಿಸಿದರಂತೆ. ಇವನು 'ಭರ್ತಿ' ಎಂಬ ಚೀಟಿ ಕಟ್ಟಿ ಸಾಲಿನ ಹಿಂದಕ್ಕೆ ತಳ್ಳಿದ. ಅವತ್ತು ಅವಸರದಲ್ಲಿ ಅದೇ ಕೈಗೆ ಬಂತು.

"ಮುಳ್ಳು ನೋಡಿದ್ಯೋ ಇಲ್ವೋ?" ಎಂದೆ.

"ನೋಡ್ದೆ ಭಾವ. ಅರವತ್ತಿತ್ತು. ಸಾಹೇಬ್ರು ಪಕ್ಕದಲ್ಲೇ ನಿಂತಿದ್ರು, ಹೇಳೋಕಾಗ್ಲಿಲ್ಲ. ಐದು ನಿಮಿಷದ ಕೆಲಸ, ಸಾಕಾಗುತ್ತೆ ಅಂದ್ಕೊಂಡೆ."

ನನ್ನ ಕೈ ಮೇಲಕ್ಕೆದ್ದಿತ್ತು. ಹೆಂಡತಿ ನಡುವೆ ಬಂದಳು. ಹೋದ ದನಿ ಹೇಗೂ ಬರುವುದಿಲ್ಲ, ತಮ್ಮನ ಕೆಲಸವನ್ನೂ ಕಳೆಯಬೇಕೇ ಎಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ನಾನು ಹೇಳಬೇಕಾದದ್ದು ಇಷ್ಟೇ: ಉದ್ದಣ್ಣ ಮುಳ್ಳನ್ನು ತಾನೇ ನೋಡಿಕೊಂಡ, ಬೇರೆಯವರು ಓದುವುದು ಬೇಡವೆಂದ.

"ಅಲ್ಲ ಅನ್ನೋಕೆ ಅವ್ನಿಗೆ ಮಾತೂ ಬರಲ್ವಲ್ಲ ಭಾವ," ಎಂದ ಆ ಪುಣ್ಯಾತ್ಮ.

ಹೊರಗೆ ನಡಿ ಎಂದೆ. ಹೊಸ್ತಿಲಲ್ಲಿ ನಿಂತು ತಿರುಗಿದ. "ತಿಂಗಳ ತಪಾಸಣೆ ಹಾಳೇಲಿ ಎರಡನೇ ಸಹಿ ಯಾರ್ದು, ಸ್ವಲ್ಪ ನೆನಪು ಮಾಡ್ಕೊಳ್ಳಿ."

ನನ್ನದು. ಅವನು ಹಾಳೆ ಚಾಚುತ್ತಿದ್ದ, ನಾನು ಚಹಾ ಕುಡಿಯುತ್ತಲೇ ಗೀಚುತ್ತಿದ್ದೆ. ಒಂದು ಸಲವೂ ವ್ಯಾನಿನ ಬಾಗಿಲು ತೆಗೆದು ನೋಡಿದವನಲ್ಲ.

ರಾತ್ರಿಯೇ ಹೇಳಿಕೆ ಬರೆದೆ. ಅವನ ತಪ್ಪನ್ನೂ ಬರೆದೆ, ನನ್ನದನ್ನೂ ಬರೆದೆ. ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಹೋಗಿ ಉದ್ದಣ್ಣನಿಗೆ ಓದಿಹೇಳಿದೆ. ಭಾವಮೈದನ ಭಾಗಕ್ಕೆ ತಲೆಯಾಡಿಸಿದ, ಮೊದಲೇ ಅನುಮಾನವಿದ್ದಿರಬೇಕು. ನನ್ನ ಸಹಿಯ ಮಾತು ಬಂದಾಗ ಹಾಳೆ ಕಿತ್ತುಕೊಂಡು ತಾನೇ ಓದಿದ. ಆಮೇಲೆ ಬೆರಳು ಮಡಚಿ ತೋರಿಸಿದ: ಎಷ್ಟು ತಿಂಗಳು?

"ಹನ್ನೊಂದು," ಎಂದೆ.

ಹಾಳೆಯನ್ನು ನನ್ನ ಮಡಿಲಿಗೆ ಹಾಕಿ ಗೋಡೆಯ ಕಡೆ ತಿರುಗಿದ. ಹೆಗಲು ಮುಟ್ಟಿದರೆ ಕೊಡವಿದ. ಎದ್ದುಹೋಗಿ ವಿಚಾರಣೆಯಲ್ಲಿ ಅದೇ ಹೇಳಿಕೆ ಕೊಟ್ಟೆ.