ಬೀಗ ಬಿದ್ದ ರಕ್ತದಾನಿಗಳ ಪಟ್ಟಿ

ಕನಕಪ್ಪ ಸವಣೂರಿನ ರಕ್ತದಾನಿಗಳ ಸಂಘದ ಬಾಗಿಲು ತೆರೆಯುವ ಹೊತ್ತಿಗೇ ಫೋನ್ ಬಂತು. ಆ ಕಡೆ ಚಿಕ್ಕೇರೂರಿನ ಹಾಲೇಶ.

"ಕಾಕಾ, ನಮ್ಮ ಅಕ್ಕ ಗುತ್ತೆವ್ವಗ ನಾಳೆ ಹಾವೇರಿಯೊಳಗ ಆಪರೇಷನ್ ಐತ್ರಿ. ಓ ನೆಗೆಟಿವ್ ರಕ್ತ ಬೇಕಂತ. ಎಲ್ಲೂ ಸಿಗವಲ್ದು."

"ಗಾಬರಿ ಆಗಬ್ಯಾಡ ತಮ್ಮಾ. ನಮ್ಮ ಕಡೆ ಪಟ್ಟಿ ಐತಿ. ತಾಸಿನೊಳಗ ಹೇಳ್ತೇನಿ."

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಕನಕಪ್ಪ ಆರು ವರ್ಷ ಊರೂರು ತಿರುಗಿ ಕೂಡಿಸಿದ ಪಟ್ಟಿ ಅದು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ನಾಲ್ಕೂ ತಾಲ್ಲೂಕಿನ ಎರಡು ಸಾವಿರ ಜನರ ಹೆಸರು, ರಕ್ತದ ಗುಂಪು, ಫೋನ್ ನಂಬರು ಅದರಲ್ಲಿದ್ದವು.

ಕಂಪ್ಯೂಟರ್ ಹಾಕಿದರು. ಪಟ್ಟಿ ತೆರೆಯಲಿಲ್ಲ. ಪರದೆಯ ತುಂಬ ಕೆಂಪು ಬಣ್ಣ, ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಮೂರು ದಿನದೊಳಗೆ ಹಣ ಕಳಿಸಿದರೆ ಬೀಗದ ಕೈ ಕೊಡುತ್ತೇವೆ. ಕನಕಪ್ಪ ಕೂಡಲೇ ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ಕಲಿಸುವ ನಸೀರಾಳಿಗೆ ಫೋನ್ ಹಚ್ಚಿದರು.

ನಸೀರಾ ಬಂದವಳೇ ಮೊದಲು ನೆಟ್ಟಿನ ವೈರು ಕಿತ್ತಳು, ವೈಫೈ ಆರಿಸಿದಳು. ಕೋಣೆಯಲ್ಲಿದ್ದ ಇನ್ನೊಂದು ಕಂಪ್ಯೂಟರಿನ ವೈರನ್ನೂ ಬಿಡಿಸಿದಳು.

"ಒಂದು ಹುಲ್ಲಿನ ಬಣವಿಗೆ ಬೆಂಕಿ ಬಿದ್ರ ಬಾಜೂದ ಬಣವಿ ಉಳಿಸ್ಕೋತೀವಿಲ್ರಿ ಕಾಕಾ, ಹಂಗ. ಇದು ನೆಟ್ಟಿನ ಮ್ಯಾಲೆ ಒಂದರಿಂದ ಇನ್ನೊಂದಕ್ಕ ಹಬ್ಬತೈತಿ." ಆಮೇಲೆ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದಳು. "ಏನೂ ಅಳಿಸಬ್ಯಾಡ್ರಿ. ಪೊಲೀಸರಿಗೆ ಇದ ಸಾಕ್ಷಿ."

"ಅಲ್ಲವ್ವಾ, ರೊಕ್ಕ ಕೊಟ್ಟು ಬಿಡೂಣು. ನಾಳೆ ಆಕಿ ಜೀವದ ಪ್ರಶ್ನೆ ಐತಿ."

"ಕೊಟ್ಟ ಮ್ಯಾಲೆ ಬೀಗದ ಕೈ ಕೊಡಲಿಲ್ಲಂದ್ರ ಯಾರನ್ನ ಕೇಳೋದು? ಕಳ್ಳನ ಮಾತಿಗೆ ಜಾಮೀನು ಯಾರ್ರೀ? ಒಮ್ಮೆ ಕೊಟ್ರ ಇವರು ಕೊಡೋ ಮಂದಿ ಅಂತ ಮತ್ತ ಬರ್ತಾರ."

ಕನಕಪ್ಪ ಹಣದ ಮಾತು ಬಿಟ್ಟರು. ನಸೀರಾ ಮೆಲ್ಲಗೆ ಕೇಳಿದಳು, "ನಿನ್ನೆ ಏನರ ಹೊಸಾ ಮೇಲ್ ಬಂದಿತ್ತೇನ್ರಿ?"

ಅವರು ತಲೆ ತಗ್ಗಿಸಿದರು. ಬಂದಿತ್ತು. ಸಂಘದ ನೋಂದಣಿ ಇವತ್ತೇ ರದ್ದಾಗುತ್ತದೆ, ಜೊತೆಗಿರುವ ಫೈಲ್ ತೆರೆದು ನೋಡಿ ಎಂದಿತ್ತು. ಅವಸರದಲ್ಲಿ ಒತ್ತಿದ್ದರು. ಏನೂ ತೆರೆಯದಿದ್ದಾಗ ಮನೆಗೆ ಹೋಗಿದ್ದರು. ಬೆಳಿಗ್ಗೆ ಕೆಂಪು ಪರದೆ ಕಂಡಾಗ, ಊರಿಗೆಲ್ಲ ಬುದ್ಧಿ ಹೇಳುವವನೇ ಮೋಸ ಹೋದೆ ಎಂದು ಯಾರಿಗೂ ಹೇಳದೆ ಮುಚ್ಚಿಡಬೇಕೆಂದಿದ್ದರು.

"ನಾನ ಒತ್ತೇನಿ ನಸೀರಾ. ತಪ್ಪು ನಂದ."

"ಹೇಳಿದ್ದು ಭಾಳ ಚಲೋ ಆತ್ರಿ. ಓದಿದವರೂ ಒತ್ತತಾರ. ಮುಚ್ಚಿಟ್ರ ಮಾತ್ರ ಹುಡುಕಾಕ ಆಗೂದಿಲ್ಲ. ಆ ಫೈಲಿನೊಳಗ ಕುಂತ ಪ್ರೋಗ್ರಾಂ ರಾತ್ರಿಯೆಲ್ಲಾ ಬೀಗ ಹಾಕೇತಿ. ಈಗ ಹೇಳ್ರಿ, ಪಟ್ಟಿದು ಇನ್ನೊಂದು ಪ್ರತಿ ಎಲ್ಲರ ಐತೇನು?"

ಕನಕಪ್ಪ ಹಣೆ ಒತ್ತಿಕೊಂಡು ಯೋಚಿಸಿದರು. ಹಾನಗಲ್ಲಿನ ಶಿಬಿರಕ್ಕೆಂದು ಸಂಘದ ಹುಡುಗ ಪರಮೇಶ ಹದಿನೈದು ದಿನದ ಹಿಂದೆ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದ! ಫೋನ್ ಮಾಡಿದರು.

"ಕಪಾಟಿನ್ಯಾಗ ಐತ್ರಿ ಕಾಕಾ. ಈಗ ಬೈಕಿನ ಮ್ಯಾಲೆ ಬರ್ತೇನಿ."

ಪರಮೇಶ ಬಂದು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಲು ಹೋದ. ನಸೀರಾ ಅವನ ಕೈ ಹಿಡಿದಳು. "ಇದಕ್ಕ ಚುಚ್ಚಿದ್ರ ಅದೂ ಹೋಗತೈತಿ!" ತನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ವೈರಸ್ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಪಟ್ಟಿ ತೆರೆದಳು. ಹೆಸರುಗಳು ಸಾಲಾಗಿ ಬಂದವು. ಕನಕಪ್ಪನವರ ಕಣ್ಣು ತುಂಬಿತು.

ಓ ನೆಗೆಟಿವ್ ಇದ್ದವರು ಹನ್ನೊಂದು ಮಂದಿ. ಮೊದಲ ಮೂವರು ಊರಲ್ಲಿರಲಿಲ್ಲ. ನಾಲ್ಕನೆಯವನು ಯಲವಿಗಿಯ ಶರಣು. "ಮಧ್ಯಾಹ್ನದ ರೈಲಿಗೆ ಹೊಂಟೆ ಅಂತ ತಿಳ್ಕೊರಿ" ಎಂದ. ಹಾಗೇ ಹಾವೇರಿಗೆ ಹೋದ, ರಕ್ತ ಕೊಟ್ಟ.

ಅಷ್ಟರಲ್ಲಿ ನಸೀರಾ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, cybercrime.gov.in ತಾಣದಲ್ಲಿ ದೂರು ಬರೆಸಿದಳು. ಇಮೇಲಿನ ಪಾಸ್‌ವರ್ಡನ್ನು ತನ್ನ ಲ್ಯಾಪ್‌ಟಾಪಿನಿಂದಲೇ ಬದಲಾಯಿಸಿದಳು. ಕಳ್ಳರು ನಂಬರುಗಳನ್ನು ನಕಲು ಮಾಡಿಕೊಂಡಿರಲೂಬಹುದಾದ್ದರಿಂದ, ಸಂಘದ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ನಂಬಬೇಡಿ ಎಂದು ದಾನಿಗಳಿಗೆಲ್ಲ ಸಂದೇಶ ಹೋಯಿತು. ಪೊಲೀಸರು ಬೇಕಾದ ವಿವರ ಪಡೆದ ಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡಿದರು. ಹದಿನೈದು ದಿನದಲ್ಲಿ ಸೇರಿದ್ದ ಮೂವತ್ತೊಂದು ಹೆಸರು ಮಾತ್ರ ಹೋಗಿದ್ದವು. ಅವನ್ನು ಕನಕಪ್ಪ ಕಾಗದದ ಅರ್ಜಿ ನೋಡಿ ಒಂದೊಂದೇ ಬೆರಳಿನಲ್ಲಿ ಮತ್ತೆ ಟೈಪ್ ಮಾಡಿದರು.

ಆಪರೇಷನ್ ಆದ ಮರುದಿನ ಹಾಲೇಶನ ಫೋನ್ ಬಂತು. ಮಾತಾಡಿದ್ದು ಮಾತ್ರ ಗುತ್ತೆವ್ವ. ದನಿ ಸಣ್ಣಗಿತ್ತು.

"ಕಾಕಾ, ಗಂಜಿ ಕುಡದೇನ್ರಿ."

ಕನಕಪ್ಪನವರಿಗೆ ಎರಡು ದಿನದ ಬಿಗಿ ಆಗ ಸಡಿಲವಾಯಿತು. "ಇನ್ನೊಂದು ಬಟ್ಟಲ ಕುಡಿಯವಾ" ಎಂದು ನಕ್ಕರು. ಈಗ ಪ್ರತಿ ಶನಿವಾರ ಪಟ್ಟಿಯ ಪ್ರತಿ ತೆಗೆದು, ಪೆನ್‌ಡ್ರೈವ್ ಬಿಡಿಸಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿಯೇ ಅವರು ಮನೆಗೆ ಹೋಗುವುದು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದ, ಶಾಲೆಯ, ಅಂಗಡಿಯ ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಎಲ್ಲಿದೆ? ಇಲ್ಲದಿದ್ದರೆ ಇವತ್ತೇ ತೆಗೆದು ಕಂಪ್ಯೂಟರಿನಿಂದ ಬೇರೆ ಇಡಿ. ಹೆದರಿಸಿ ಅವಸರ ಮಾಡುವ ಮೇಲ್ ಬಂದರೆ ತೆರೆಯುವ ಮೊದಲು ಆ ಕಚೇರಿಗೇ ಕೇಳಿ. ಅಪ್ಪಿತಪ್ಪಿ ಒತ್ತಿಬಿಟ್ಟರೆ ನೆಟ್ ಕಿತ್ತುಹಾಕಿ, 1930ಕ್ಕೆ ಕರೆ ಮಾಡಿ, ಹಣ ಕೊಡಬೇಡಿ. ನಾಚಿಕೊಂಡು ಸುಮ್ಮನಂತೂ ಇರಬೇಡಿ. ಕನಕಪ್ಪ ಅಂದು ಬಾಯಿ ಬಿಟ್ಟು ಹೇಳಿದರು, ನೀವೂ ಹೇಳಿ.